ತಾನೇ ಹಚ್ಚಿಕೊಂಡ ಬಣ್ಣ

ಮಾರ್ಚ್ 4, ಮಂಗಳವಾರ

ಕರ್ನಲ್ ಬೆಳಿಗ್ಗೆ ಹಳೇ ಕಾಲದ ಸೈನಿಕನೊಬ್ಬನ ಹೆಲ್ಮೆಟ್ ತಂದುಕೊಟ್ಟರು. ಸೈನ್ಯದ ಮುಖವನ್ನೇ ಕಾಣದ ಮನುಷ್ಯ, ಆಯುಷ್ಯವೆಲ್ಲ ಬಾಗಿಲು ಕಿಟಕಿ ಮಾರಿದವರು. ಹಳೆಯ ಯುದ್ಧಸಾಮಾನು ಕೂಡಿಹಾಕುವ ಹುಚ್ಚಿಗೆ ಜನ ಆ ಬಿರುದು ಕೊಟ್ಟರು. ಅವರೂ ಮೀಸೆ ಬಿಟ್ಟು ಅದನ್ನು ಒಪ್ಪಿಕೊಂಡರು. ಹೆಲ್ಮೆಟ್ಟನ್ನು ಹಸುಗೂಸಿನ ಹಾಗೆ ಟವೆಲಿನಲ್ಲಿ ಸುತ್ತಿ ತಂದಿದ್ದರು. ಬಿಚ್ಚಿದರೆ ಮೈತುಂಬಾ ಬೆಳ್ಳಿ ಬಣ್ಣ, ಗೇಟಿಗೆ ಹೊಡೆಯುವಂಥದ್ದು. ಹಿಂದೆ ಯಾವುದೋ ಶಾಲೆಯ ನಾಟಕದಲ್ಲಿ ರಾಜನ ತಲೆ ಮೇಲೆ ಕೂತಿತ್ತಂತೆ.

"ಕಾರ್ಖಾನೆಯಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೆ ಬೇಕು. ಮುಂದಿನ ತಿಂಗಳು ಪ್ರದರ್ಶನ ಇದೆ" ಎಂದರು.

"ಹುಟ್ಟಿದ ದಿನದ ಹಾಗೆ ಯಾರೂ ಇರಲ್ಲ, ನೀವೂ ಇಲ್ಲ" ಎಂದೆ. ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಮ್ಯೂಸಿಯಂನಲ್ಲಿ ಹಳೆಯ ಸಾಮಾನು ಸರಿಪಡಿಸುವ ಕೆಲಸ ಬಿಟ್ಟು ಮನೆಯ ಈ ಹಿಂದಿನ ಕೋಣೆಗೆ ಬಂದ ಮೇಲೆ ಹೆಲ್ಮೆಟ್ಟುಗಳದ್ದೇ ಸಂತೆ. ಎಲ್ಲರಿಗೂ ಅದೇ ಬೇಕು: ಆಮೇಲೆ ಬಂದವರು ಬಳಿದದ್ದು ಹೋಗಬೇಕು, ಮೊದಲಿನದ್ದು ಕಾಣಬೇಕು. ನನಗೂ ಅದೇ ಬೇಕು. ಅದಕ್ಕೇ ಈ ವಯಸ್ಸಿನಲ್ಲೂ ಕಣ್ಣು ಕಳೆದುಕೊಳ್ಳುತ್ತಿದ್ದೇನೆ.

ಸೊಸೆ ತಾನು ಕೆಲಸ ಮಾಡುವ ಕ್ಲಿನಿಕ್ಕಿನಿಂದ ಬರುವಾಗ ಹಲ್ಲಿನ ಕಲ್ಲು ಕೆರೆಯುವ ಎರಡು ಉಕ್ಕಿನ ಕಡ್ಡಿ ತಂದಳು. ಹಲ್ಲಿನ ಡಾಕ್ಟರು ಹಳತಾಯಿತೆಂದು ಬಿಸಾಡಲು ಇಟ್ಟಿದ್ದಂತೆ. ನನ್ನ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸಾಮಾನಿಲ್ಲ. ಮೇಜಿನ ಮೇಲಿಟ್ಟು ಹೋದಳು. ಒಳ್ಳೇದಾಯ್ತು ಎಂದು ಒಂದು ಮಾತು ನಾನೂ ಅನ್ನಲಿಲ್ಲ, ಅವಳೂ ಕಾಯಲಿಲ್ಲ. ಮಗ ಹೋದ ಮೇಲೆ ನಮ್ಮಿಬ್ಬರ ನಡುವೆ ಮಾತಿಗಿಂತ ಸಾಮಾನಿನ ಓಡಾಟವೇ ಜಾಸ್ತಿ.

ಮಾರ್ಚ್ 7, ಶುಕ್ರವಾರ

ಬೆಳ್ಳಿ ಬಣ್ಣ ಸಲೀಸಾಗಿ ಬರುತ್ತಿದೆ. ದ್ರಾವಣ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಸಾಕು, ಹಾಲಿನ ಕೆನೆಯಂತೆ ಮೇಲೆದ್ದು ನಿಲ್ಲುತ್ತದೆ. ಕೆಳಗೆ ಇನ್ನೊಂದು ಬಣ್ಣ, ಕಂದು. ದಪ್ಪಗೆ, ತರಿತರಿಯಾಗಿ, ಬ್ರಷ್ಷಿನ ಗೆರೆ ಎದ್ದು ಕಾಣುವಂತೆ ಯಾವನೋ ಒರಟು ಕೈಯವನು ಬಳಿದಿದ್ದಾನೆ. ಹಿಂಬದಿಯಲ್ಲಿ ಒಂದು ಕಿಟಕಿ ತೆರೆದೆ. ಉಗುರಿನಷ್ಟು ಜಾಗ ಕೆರೆದು ಒಳಗೆ ಇಣುಕುವುದಕ್ಕೆ ನಮ್ಮ ಕಸುಬಿನಲ್ಲಿ ಕಿಟಕಿ ಅನ್ನುತ್ತೇವೆ. ಕಂದಿನ ಕೆಳಗೆ ನುಣುಪಾದ ಬೂದುಹಸಿರು. ಕಾರ್ಖಾನೆಯ ಬಣ್ಣ. ಇಷ್ಟು ವರ್ಷ ಇದೇ ಕೆಲಸ ಮಾಡಿದರೂ ಆ ಗಳಿಗೆಯಲ್ಲಿ ಎದೆ ಒಂದು ಸಲ ಜಿಗಿಯುತ್ತದೆ.

ಕಿಟಕಿಯ ಕೊಳೆಯನ್ನು ಹತ್ತಿಗೆ ಉಗುಳು ತಾಗಿಸಿ ಒರೆಸುತ್ತಿದ್ದೆ. ಸೊಸೆ ಟೀ ತಂದವಳು ನಿಂತುಬಿಟ್ಟಳು.

"ಅತ್ತೆ, ಅದು ಉಗುಳಾ?"

"ಉಗುಳೇ. ಇದಕ್ಕಿಂತ ಮೆತ್ತಗಿನ ಮದ್ದು ಯಾವ ಅಂಗಡೀಲೂ ಸಿಗಲ್ಲ. ಮ್ಯೂಸಿಯಂನಲ್ಲಿ ನಾವೆಲ್ಲ ಇದನ್ನೇ ಬಳಸ್ತಿದ್ದದ್ದು."

"ಇನ್ಮೇಲೆ ಆ ಮ್ಯೂಸಿಯಂ ಕಡೆ ತಲೆ ಹಾಕಲ್ಲಪ್ಪ ನಾನು."

ಸ್ವಲ್ಪ ನಕ್ಕಳು. ನಾನು ನಗಲಿಲ್ಲ. ನಕ್ಕರೆ ಬಾಯಿ ಒಣಗುತ್ತದೆ, ಕೆಲಸ ಕೆಡುತ್ತದೆ.

ಮಾರ್ಚ್ 9, ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ತಂಗಿಯ ಮನೆಗೆ ಹೋಗಿ ಬರುವಷ್ಟರಲ್ಲಿ ಸೊಸೆ ತಾನೂ ಮಗನೂ ಇದ್ದ ಕೋಣೆಯ ಗೋಡೆಗೆ ತಿಳಿ ಹಳದಿ ಬಳಿದುಬಿಟ್ಟಿದ್ದಾಳೆ.

ಅದು ಕಡು ಹಸಿರು ಗೋಡೆ. ಮದುವೆಯಾದ ಹೊಸತರಲ್ಲಿ ಮಗ ತಾನೇ ಏಣಿ ಹತ್ತಿ ಬಳಿದದ್ದು. ಮೇಲಿನ ಮೂಲೆಯಲ್ಲಿ ಬಣ್ಣ ಸಾಲದೆ ಗೆರೆ ಸೊಟ್ಟಗೆ ನಿಂತಿತ್ತು. ಲಿಫ್ಟ್ ರಿಪೇರಿ ಮಾಡೋನಿಗೆ ನೆಟ್ಟಗೆ ಒಂದು ಗೆರೆ ಎಳೆಯೋಕೆ ಬರಲ್ವೇನೋ ಎಂದು ರೇಗಿಸಿದ್ದೆ. ಲಿಫ್ಟ್ ನೆಟ್ಟಗೆ ಹೋದ್ರೆ ಸಾಕು ಬಿಡಮ್ಮ ಎಂದಿದ್ದ. ಎರಡು ವರ್ಷದ ಹಿಂದೆ ರಸ್ತೆಯಲ್ಲಿ ಲಾರಿಯೊಂದು ಅವನನ್ನು ಕೊಂಡುಹೋಯಿತು, ಸೊಟ್ಟ ಗೆರೆಯಾದರೂ ಉಳಿದಿತ್ತು. ಈಗ ಅದೂ ಇಲ್ಲ.

ಏಣಿ ಎಲ್ಲಿಂದ ಬಂತು ಎಂದು ಕೇಳಿದೆ. ಕ್ಲಿನಿಕ್ಕಿನ ಕೆಳಗಿರುವ ಕನ್ನಡಕದಂಗಡಿಯವನದ್ದಂತೆ. "ಅವರೇ ತಂದಿಟ್ಟು ಹೋದ್ರು" ಎಂದಳು, ನೆಲ ಒರೆಸುತ್ತಾ, ನನ್ನ ಮುಖ ನೋಡದೆ.

ನನ್ನ ಜೀವಮಾನವೆಲ್ಲ ಒಬ್ಬರದರ ಮೇಲೆ ಇನ್ನೊಬ್ಬರು ಬಳಿದದ್ದನ್ನು ತೆಗೆಯುವುದರಲ್ಲೇ ಹೋಗಿದೆ. ಈಗ ನನ್ನ ಮನೆಯಲ್ಲೇ, ನನ್ನ ಮೂಗಿನ ಕೆಳಗೇ ಇದು. ಊಟ ಬೇಡ ಎಂದೆ. ಅವಳು ಮುಚ್ಚಿಟ್ಟು ಹೋಗಿ ಮಲಗಿದಳು. ಆಮೇಲೆ ತಿಂದೆ. ಹಸಿವಿಗೇನು ಗೊತ್ತು ಕೋಪ.

ಮಾರ್ಚ್ 10, ಸೋಮವಾರ

ಬೆಳಿಗ್ಗೆ ಟೀ ಕುಡಿಯುವಾಗ ಹೇಳಿಬಿಟ್ಟಳು. ಸುತ್ತಿ ಬಳಸಿ ಮಾತಾಡುವವಳಲ್ಲ, ಅದೊಂದು ಗುಣ ಅವಳದು.

"ಕನ್ನಡಕದಂಗಡಿಯವರು ಮದುವೆ ಆಗೋಣ್ವಾ ಅಂತ ಕೇಳಿದಾರೆ ಅತ್ತೆ. ಏಪ್ರಿಲ್ ಕೊನೇಲಿ ಅವರು ತಮ್ಮೂರಿಗೆ ಹೋಗ್ತಾರೆ, ಅಲ್ಲೇ ಅಂಗಡಿ ಹಾಕ್ತಾರಂತೆ. ಅವರಮ್ಮ ಒಬ್ಬರೇ ಇದಾರೆ."

"ನೀನೇನಂದೆ?"

"ಏನೂ ಅಂದಿಲ್ಲ. ನಿಮ್ಮನ್ನ ಕೇಳದೆ ಏನು ಹೇಳ್ಲಿ?"

"ನನ್ನನ್ನ ಯಾಕೆ ಕೇಳ್ಬೇಕು? ನಾನೇನು ಹೆತ್ತವಳಾ?"

"ಹೆತ್ತವಳು ಆಗ್ಲೇ ಹೂಂ ಅಂದಾಯ್ತು. ಆದ್ರೆ ನೀವು ಬೇಡ ಅಂದ್ರೆ ನಂಗೂ ಬೇಡ. ಬಾಯಿಮಾತಿಗೆ ಹೇಳ್ತಿಲ್ಲ."

"ನಾನೇನೂ ಅನ್ನೋದಿಲ್ಲ" ಎಂದು ಎದ್ದು ಬಂದೆ.

ಬೇಡ ಅನ್ನುವುದಕ್ಕೆ ನನಗೆ ಹಕ್ಕಿಲ್ಲ. ಹೂಂ ಅನ್ನುವುದಕ್ಕೆ ನಾಲಿಗೆ ಏಳುತ್ತಿಲ್ಲ. ಇವಳು ಹೋದರೆ ಈ ಮನೆಯಲ್ಲಿ ಅವನನ್ನು ಕಂಡವರು ಇನ್ನು ಯಾರು? ಅವನು ಸೀನಿದರೆ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು ಎಂದು ಯಾರ ಹತ್ತಿರ ಹೇಳಿಕೊಳ್ಳಲಿ? ನಾವು ಹೇಳಿಕೊಂಡು ಕೂರುವವರೇನಲ್ಲ. ಆದರೂ ಹೇಳಬೇಕೆನ್ನಿಸಿದರೆ ಇವಳಿದ್ದಾಳೆ ಎಂಬ ಧೈರ್ಯವೊಂದಿತ್ತು.

ಮಾರ್ಚ್ 11, ಮಂಗಳವಾರ

ಹೆಲ್ಮೆಟ್ಟಿನ ಎಡಬದಿಯಿಂದ ಕಂದು ಕೆರೆಯಲು ಶುರು ಮಾಡಿದೆ. ಅದು ಬೆಳ್ಳಿಯಂತಲ್ಲ, ಹಟಮಾರಿ. ದ್ರಾವಣಕ್ಕೆ ಜಗ್ಗುವುದಿಲ್ಲ, ಹಲ್ಲಿನ ಕಡ್ಡಿಯಲ್ಲೇ ಚೂರುಚೂರಾಗಿ ಎಬ್ಬಿಸಬೇಕು. ಇಡೀ ದಿನ ಕೂತೆ. ಸಂಜೆಗೆ ಅಂಗೈಯಗಲದ ಬೂದುಹಸಿರು ಹೊರಗೆ ಬಂತು. ಸಾಮಾನ್ಯವಾಗಿ ನಾನು ಒಂದು ದಿನಕ್ಕೆ ಇದರ ಕಾಲು ಭಾಗ ಮಾಡಿದರೆ ಹೆಚ್ಚು. ಕೈ ನೋಯುತ್ತಿದೆ. ಆ ಒರಟು ಕೈಯವನನ್ನು ಬಾಯಿಗೆ ಬಂದಂತೆ ಬೈದೆ.

ಸೊಸೆ ಬಾಗಿಲಲ್ಲಿ ನಿಂತು "ಲೈಟ್ ಹಾಕ್ಲಾ ಅತ್ತೆ?" ಎಂದಳು. ನನಗೇ ಹಾಕಿಕೊಳ್ಳಲು ಬರುತ್ತದೆ ಎಂದೆ.

ಮಾರ್ಚ್ 13, ಗುರುವಾರ

ಮಾತಿಲ್ಲ. ಕತೆಯಿಲ್ಲ. ಟೀ ಮಾತ್ರ ಹೊತ್ತುಹೊತ್ತಿಗೆ ಬರುತ್ತಿದೆ.

ಮಾರ್ಚ್ 15, ಶನಿವಾರ

ಇದನ್ನು ಬರೆಯುವುದಕ್ಕೂ ನಾಚಿಕೆ. ಸೊಸೆ ಕ್ಲಿನಿಕ್ಕಿಗೆ ಹೋದ ಮೇಲೆ ಅವರ ಕೋಣೆಗೆ ಹೋದೆ. ಕೈಯಲ್ಲಿ ಹಲ್ಲಿನ ಕಡ್ಡಿ ಇತ್ತು. ಮರೆತು ಹಿಡಿದುಕೊಂಡು ಹೋದೆ ಎಂದು ಬೇರೆಯವರಿಗಾದರೆ ಹೇಳುತ್ತಿದ್ದೆ. ಬೀರುವಿನ ಮಗ್ಗುಲಲ್ಲಿ, ಮೊಣಕಾಲೆತ್ತರದಲ್ಲಿ ಗೋಡೆಗೆ ಒಂದು ಕಿಟಕಿ ತೆರೆದೆ. ಅಳತೆ ಹಿಡಿದು, ನಾಲ್ಕೂ ಅಂಚು ನೇರ, ಅಭ್ಯಾಸಬಲ. ಹಳದಿ ಹೊಸದು, ಬೇಗ ಬಿಟ್ಟುಕೊಂಡಿತು.

ಹಸಿರು ಹಾಗೆಯೇ ಇದೆ. ಎಲ್ಲಿಗೂ ಹೋಗಿಲ್ಲ.

ನೆಲದ ಮೇಲೆ ಕೂತುಬಿಟ್ಟೆ. ಹತ್ತಿಗೆ ಉಗುಳು ಹಚ್ಚಿ ಆ ಇಷ್ಟಗಲ ಜಾಗವನ್ನು ಒರೆಸಿದೆ. ಅತ್ತುಬಿಟ್ಟೆ. ಅವನು ಹೋದ ದಿನ ಮನೆತುಂಬ ಜನ, ನಾನು ಎಲ್ಲರಿಗೂ ನೀರು ಕೊಡುತ್ತಾ ಓಡಾಡಿಕೊಂಡಿದ್ದೆ, ಅಳಲಿಕ್ಕೆ ಪುರುಸೊತ್ತಾಗಿರಲಿಲ್ಲ. ಇವತ್ತು ಸಿಕ್ಕಿತು. ಆಮೇಲೆ ಬೀರುವನ್ನು ಸ್ವಲ್ಪ ಈಚೆಗೆ ತಳ್ಳಿ ಕಿಟಕಿ ಮುಚ್ಚಿದೆ.

ಮಾರ್ಚ್ 16, ಭಾನುವಾರ

ಸಿಕ್ಕಿಬಿದ್ದೆ. ಬೀರು ಜರುಗಿದ್ದು ಅವಳಿಗೆ ಬೆಳಿಗ್ಗೆಯೇ ಗೊತ್ತಾಗಿದೆ. ನಾನು ಮೊಟ್ಟೆ ಬೇಯಿಸುತ್ತಿದ್ದೆ, ಬಂದು ಪಕ್ಕದಲ್ಲಿ ನಿಂತಳು.

"ಅತ್ತೆ, ಕೋಣೇಲಿ ಗೋಡೆ ಕೆರೆದದ್ದು ಯಾರು?"

"ಇಲಿ ಇರ್ಬೇಕು."

"ಇಲಿ ಚೌಕವಾಗಿ ಕೆರೆಯುತ್ತಾ?"

"ಕಲಿತ ಇಲಿ ಆದ್ರೆ ಕೆರೆಯುತ್ತೆ."

ಒಲೆಯನ್ನು ಅವಳೇ ಆರಿಸಿದಳು. ನಾನು ಬೈಗುಳಕ್ಕೆ ಸಿದ್ಧವಾಗಿ ನಿಂತಿದ್ದೆ, ನಿಜಕ್ಕೂ ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕುರ್ಚಿ ಎಳೆದು ಕೂತು, "ಎದ್ದ ತಕ್ಷಣ ಕಣ್ಣಿಗೆ ಬೀಳ್ತಿದ್ದದ್ದು ಆ ಸೊಟ್ಟ ಗೆರೇನೇ" ಎಂದಳು. "ಎರಡು ವರ್ಷ ದಿನಾ ನೋಡಿದೀನಿ. ನೋಡಿದ ಮೇಲೆ ಏಳೋಕೇ ಆಗ್ತಿರ್ಲಿಲ್ಲ. ಕ್ಲಿನಿಕ್ಕಿಗೆ ಲೇಟು, ಡಾಕ್ಟರ ಹತ್ರ ಬೈಗುಳ. ನಿಮಗೆ ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆಗೆದಿದೀನಿ ಗೊತ್ತಾ? ಅವರನ್ನ ಅಳಿಸೋಕೆ ಬಳಿದದ್ದಲ್ಲ ಅತ್ತೆ. ಬೆಳಗ್ಗೆ ಎದ್ದು ಕೆಲಸಕ್ಕೆ ಹೋಗೋಕೆ ಬಳಿದೆ."

ಮೊಟ್ಟೆ ಸುಲಿದು ಅವಳ ತಟ್ಟೆಗೆ ಹಾಕಿದೆ. ಅವಳು ಒಂದು ತುತ್ತು ತಿಂದು, "ಆ ಚೌಕ ಹಾಗೇ ಇರ್ಲಿ, ಮುಚ್ಚೋದು ಬೇಡ. ನಾನೂ ನೋಡಿದೆ. ನಂಗೆ ಕೆರೆಯೋ ಧೈರ್ಯ ಇರ್ಲಿಲ್ಲ" ಎಂದಳು.

ಉಪ್ಪು ಹಾಕುವುದನ್ನು ಇಬ್ಬರೂ ಮರೆತಿದ್ದೆವು.

ಮಾರ್ಚ್ 19, ಬುಧವಾರ

ಕೈ ತಡೆಯಿತು. ಇಲ್ಲ, ಕೈ ಮೊದಲೇ ತಡೆಯಬೇಕಿತ್ತು.

ಮೂರು ದಿನ ಹೆಲ್ಮೆಟ್ ಮುಟ್ಟಿರಲಿಲ್ಲ. ಇವತ್ತು ಭೂತಗನ್ನಡಿ ಹಿಡಿದು ಕೂತೆ, ಕೆರೆದ ಜಾಗದ ಅಂಚಿನಲ್ಲಿ ಉಳಿದ ಕಂದನ್ನು ನಿಧಾನವಾಗಿ ನೋಡಿದೆ. ಬೂದುಹಸಿರಿನ ಮೇಲೆ ಆಳವಾದ ಗೀರುಗಳಿವೆ, ಗೀರಿನಲ್ಲಿ ತುಕ್ಕು. ಕಂದು ಆ ತುಕ್ಕಿನ ಮೇಲೆ ಕೂತಿದೆ. ಎಂದರೆ ಬಳಿಯುವ ಮೊದಲೇ ಇದು ಪೆಟ್ಟು ತಿಂದಿತ್ತು. ಸರಿ, ಅದರಲ್ಲೇನು ಎಂದುಕೊಂಡೆ. ಆಮೇಲೆ ಮುಂದಿನ ಅಂಚಿಗೆ ಬಂದೆ. ಅಲ್ಲಿ ಕಂದು ಸವೆದು ತೆಳ್ಳಗಾಗಿದೆ, ಹೊರಬದಿಯಲ್ಲಿ ಹೆಬ್ಬೆರಳಿನಗಲ, ಒಳಬದಿಯಲ್ಲಿ ಎರಡು ಬೆರಳಿನಗಲ. ಗವಸು ಹಾಕಿಕೊಂಡು ನನ್ನ ಬೆರಳನ್ನು ಅಲ್ಲಿಟ್ಟೆ. ಹೆಲ್ಮೆಟ್ ಎತ್ತಿ ಹಣೆ ಒರೆಸಿಕೊಳ್ಳುವವನು ಹಿಡಿಯುವ ಜಾಗ. ಗಲ್ಲಪಟ್ಟಿ ಉಜ್ಜುವಲ್ಲೂ ಕಂದೇ ಸವೆದಿದೆ.

ಬಣ್ಣ ಬಳಿದ ಮೇಲೆ ಒಬ್ಬ ಇದನ್ನು ತಿಂಗಳುಗಟ್ಟಲೆ ತೊಟ್ಟಿದ್ದಾನೆ. ತರಿತರಿ ಎಂದು ಬೈದೆನಲ್ಲ, ಅದು ಮರಳು. ಬಿಸಿಲಿಗೆ ಹೊಳೆಯದಿರಲಿ, ದೂರದಿಂದ ಕಾಣದಿರಲಿ ಎಂದು ಬಣ್ಣಕ್ಕೆ ಮರಳು ಕಲಸಿದ್ದಾನೆ. ಬ್ರಷ್ಷೂ ಸರಿಯಾದದ್ದು ಸಿಕ್ಕಿರಲಿಕ್ಕಿಲ್ಲ. ಕಾರ್ಖಾನೆಯವರು ಕೊಟ್ಟ ಬಣ್ಣ ಅವನನ್ನು ಕಾಪಾಡುವುದಿಲ್ಲ ಎಂದು ಅವನಿಗೆ ಗೊತ್ತಾಗಿತ್ತು. ಬದುಕಿ ಉಳಿಯಲಿಕ್ಕೆ ತಾನೇ ಹಚ್ಚಿಕೊಂಡ ಬಣ್ಣ ಇದು. ಅದನ್ನು ನಾನು ಕಸವೆಂದುಕೊಂಡು ಅಂಗೈಯಗಲ ಕಿತ್ತು ಬಿಸಾಡಿದೆ.

ನಲವತ್ತು ವರ್ಷದ ಕಸುಬು. ಬಣ್ಣ ಬಳಿದ ಮೇಲಿನ ಸವೆತವನ್ನು ಮೊದಲು ನೋಡು ಎಂದು ಮ್ಯೂಸಿಯಂನಲ್ಲಿ ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ. ಕೋಪದಲ್ಲಿ ಕೆಲಸಕ್ಕೆ ಕೂತರೆ ಹೀಗೇ ಆಗುವುದು. ಪಾಪದವನು, ಯಾರೋ ಏನೋ. ಅವನ ಹತ್ತಿರ ಕ್ಷಮೆ ಕೇಳುವ ಹಾಗೂ ಇಲ್ಲ.

ಸೊಸೆ ಬಂದಾಗ, ಕೋಣೆಯ ಗೋಡೆ ಚೆನ್ನಾಗಿದೆ, ಬೆಳಕು ಬರುತ್ತೆ ಎಂದೆ. ಯಾಕೆ ಹೇಳಿದೆನೋ ಗೊತ್ತಿಲ್ಲ, ಬಾಯಿಗೆ ಬಂತು. ಅವಳು ಚಪ್ಪಲಿ ಬಿಚ್ಚುತ್ತಿದ್ದವಳು ಒಂದು ಕಾಲಿನದ್ದನ್ನು ಹಾಗೇ ಬಿಟ್ಟು ನನ್ನನ್ನು ನೋಡಿದಳು.

ಮಾರ್ಚ್ 24, ಸೋಮವಾರ

ಕರ್ನಲ್ ಬಂದಿದ್ದರು. ಬೆಳ್ಳಿ ಪೂರ್ತಿ ಹೋಗಿದೆ, ಕಂದು ಇರುತ್ತದೆ ಎಂದೆ.

"ಇದೇನಮ್ಮಾ, ಕೊಳಕು ಮಡಕೆ ಥರ ಇದೆ. ನಾನು ಕೇಳಿದ್ದು ಮೂಲದ್ದು."

"ಇದೂ ಮೂಲದ್ದೇ. ಕಾರ್ಖಾನೆಯವರದ್ದು ಒಂದು ಮೂಲ, ತೊಟ್ಟವನದ್ದು ಇನ್ನೊಂದು. ಬೆಳ್ಳಿ ಮಾತ್ರ ವೇಷ, ಅದನ್ನ ತೆಗೆದಿದೀನಿ."

ಅವರು ಮುಖ ಊದಿಸಿಕೊಂಡರು. ಗವಸು ಕೊಟ್ಟು, ಅಂಚು ಹಿಡಿದು ನೋಡಿ ಎಂದೆ. ಹಿಡಿದರು. ಹೆಬ್ಬೆರಳು ತಾನಾಗಿ ಸವೆದ ಜಾಗಕ್ಕೇ ಹೋಗಿ ಕೂತಿತು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು, ಮೀಸೆ ಮಾತ್ರ ಅಲ್ಲಾಡುತ್ತಿತ್ತು.

"ಈ ಬೂದು ತೇಪೆ?" ಎಂದರು, ನಾನು ಕೆರೆದ ಜಾಗ ತೋರಿಸಿ.

"ಅದು ನನ್ನ ತಪ್ಪು. ಬಣ್ಣ ಹಚ್ಚಿ ಮುಚ್ಚೋದು ಬಹಳ ಸುಲಭ. ಮುಚ್ಚಲ್ಲ. ಯಾರಾದ್ರೂ ಕೇಳಿದ್ರೆ ಯಾರು ಕೆರೆದದ್ದು ಅಂತ ಹೇಳಿ."

ಟವೆಲಿನಲ್ಲಿ ಸುತ್ತಿ ತೆಗೆದುಕೊಂಡು ಹೋದರು. ಸಂತೋಷವಾಗಿ ಹೋದರು ಎಂದೇನಿಲ್ಲ. ಬಾಗಿಲ ಹತ್ತಿರ ತಿರುಗಿ, "ಬದುಕಿದ್ನಾ ಅವನು?" ಎಂದು ಕೇಳಿದರು. ನನಗೇನು ಗೊತ್ತು. ಬದುಕಿದ ಎಂದೇ ಹೇಳಿದೆ.

ಮಾರ್ಚ್ 27, ಗುರುವಾರ

ಕನ್ನಡಕದಂಗಡಿಗೆ ಹೋದೆ. ದೂರದ್ದು ಮಸುಕಾಗಿದೆ ಎಂಬ ನೆಪ. ನೆಪವೇನು, ಮಸುಕಾಗಿಯೂ ಇದೆ.

ಒಳಗೆ ಹೋಗುತ್ತಿದ್ದಂತೆ ಅವನ ಕೈಯಲ್ಲಿದ್ದ ಫ್ರೇಮು ಕೆಳಗೆ ಬಿತ್ತು. ನಾನು ಯಾರೆಂದು ಗೊತ್ತು ಎಂದಾಯಿತು. ತೆಳ್ಳಗೆ, ಕಿವಿ ದೊಡ್ಡದು, ಕಣ್ಣು ಪರೀಕ್ಷೆ ಮಾಡುವವನಿಗೇ ಸೋಡಾಬುಡ್ಡಿ ಕನ್ನಡಕ. ಕತ್ತಲೆ ಕೋಣೆಯಲ್ಲಿ ಕೂರಿಸಿ, ಆ ಭಾರದ ಚೌಕಟ್ಟನ್ನು ನನ್ನ ಮೂಗಿನ ಮೇಲಿಟ್ಟು, ಒಂದು ಕಣ್ಣು ಮುಚ್ಚಿದ.

"ಮೇಲಿನ ಸಾಲು ಓದಿ ಅಮ್ಮ."

ಓದಿದೆ. ಆಮೇಲೆ ಹೇಳಿದೆ: "ಅವಳನ್ನ ಬೆಳಿಗ್ಗೆ ಎದ್ದ ತಕ್ಷಣ ಮಾತಾಡಿಸ್ಬೇಡ. ಟೀ ಕುಡಿಯೋವರೆಗೂ ಅವಳು ಮನುಷ್ಯಳಲ್ಲ."

ಗಾಜು ಬದಲಿಸುತ್ತಿದ್ದ ಕೈ ನಿಂತಿತು. "ಸರಿ ಅಮ್ಮ. ಕೆಳಗಿನ ಸಾಲು?"

"ಓದ್ತೀನಿ ಇರು. ಸಿಟ್ಟು ಬಂದ್ರೆ ಪಾತ್ರೆ ತೊಳೀತಾಳೆ, ತೊಳೆದ ಪಾತ್ರೇನೇ ಮತ್ತೆ ತೊಳೀತಾಳೆ. ಆಗ ಹತ್ರ ಹೋಗ್ಬೇಡ. ಆಮೇಲೆ ಹೋಗದೇ ಇರ್ಬೇಡ."

"ಸರಿ."

"ನನ್ನ ಮಗನ ಮಾತು ಬಂದ್ರೆ ಏನ್ ಮಾಡ್ತೀಯ?"

ಅವನು ಕೈಯಲ್ಲಿದ್ದ ಗಾಜನ್ನು ಡಬ್ಬಿಗೆ ವಾಪಸು ಇಟ್ಟ. ಕತ್ತಲೆಯಲ್ಲಿ ಮುಖ ಕಾಣುತ್ತಿರಲಿಲ್ಲ. "ದಿನಾ ಬರುತ್ತೆ ಅಮ್ಮ. ಅವರು ಸೀನಿದ್ರೆ ಪಕ್ಕದ ಮನೆ ನಾಯಿ ಬೊಗಳ್ತಿತ್ತಂತೆ. ನಂಗೀಗ ಅವರು ಪರಿಚಯದವರ ಥರಾನೇ ಆಗಿಬಿಟ್ಟಿದಾರೆ" ಎಂದ.

ಕೊನೆಯ ಸಾಲು ಓದಲು ಹೇಳಿದ. ಕಾಣುತ್ತಿಲ್ಲ ಎಂದೆ. ಇನ್ನೊಂದು ಗಾಜು ಹಾಕಿದ. ಆಗಲೂ ಕಾಣಲಿಲ್ಲ. ಆಗ ಅವನು ಗಾಜು ಹುಡುಕುವುದನ್ನು ಬಿಟ್ಟು ಜೇಬಿನಿಂದ ಕರವಸ್ತ್ರ ತೆಗೆದು ಕೊಟ್ಟ. ಇಸ್ತ್ರಿ ಮಾಡಿದ್ದು.

ಮನೆಗೆ ಬಂದು ಸೊಸೆಗೆ, "ಅವನಿಗೆ ಹೂಂ ಅಂದುಬಿಡು. ಕಣ್ಣು ಪರೀಕ್ಷೆ ಮಾಡೋಕೆ ಬರಲ್ಲ ಅವನಿಗೆ, ಬೇರೆ ಎಲ್ಲಾ ಪರವಾಗಿಲ್ಲ" ಎಂದೆ. ಅವಳು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಂತಳು. ನಾನು ಹತ್ತಿರ ಹೋಗಲಿಲ್ಲ. ಆಮೇಲೆ ಹೋದೆ.

ಏಪ್ರಿಲ್ 26, ಶನಿವಾರ

ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆ ಮುಗಿಯಿತು. ಸಹಿ ಹಾಕುವ ಮೊದಲು ಅವನು ಎರಡು ಸಲ ಕನ್ನಡಕ ಒರೆಸಿಕೊಂಡ, ಅವಳು ಪೆನ್ನು ಕೊಟ್ಟ ತಕ್ಷಣ ಹಾಕಿದಳು. ಅವಳ ಅಮ್ಮ ಅತ್ತರು, ನಾನು ಅವರಿಗೆ ನೀರು ಕೊಟ್ಟೆ. ಗಂಡಹೆಂಡತಿ ಮಧ್ಯಾಹ್ನದ ರೈಲಿಗೇ ಹೊರಟರು.

ಸ್ಟೇಷನ್ನಿನಲ್ಲಿ ಅವನು ಪೆಟ್ಟಿಗೆ ಒಳಗಿಡಲು ಹೋದಾಗ ಇವಳು ನನ್ನ ಸೆರಗಿನ ತುದಿ ಹಿಡಿದುಕೊಂಡು ನಿಂತಳು. "ಇನ್ಮೇಲೆ ನಿಮ್ಮನ್ನ ಏನಂತ ಕರೀಲಿ?" ಎಂದಳು. ಒಂದು ತಿಂಗಳಿನಿಂದ ಇದೇ ಯೋಚನೆಯಂತೆ. "ಅಮ್ಮ ಅನ್ಲಾ?"

"ನಿಂಗೆ ಅಮ್ಮ ಇದಾರೆ, ಗುಂಡುಕಲ್ಲಿನ ಹಾಗೆ. ಅತ್ತೆ ಅಂತಲೇ ಕರಿ."

"ಮತ್ತೆ ಅವರಮ್ಮನ್ನ?"

"ಅದು ನಿಮ್ಮಿಬ್ಬರ ಕಷ್ಟ, ಏನಾದ್ರೂ ಹುಡುಕ್ಕೊಳ್ಳಿ. ಅತ್ತೆ ಅನ್ನೋದು ನನ್ನದು, ಕೊಡಲ್ಲ."

ಅತ್ತೂ ನಕ್ಕೂ ಮೂಗು ಕೆಂಪು ಮಾಡಿಕೊಂಡು ರೈಲು ಹತ್ತಿದಳು. ರೈಲು ಹೋದ ಮೇಲೆ ನಾನು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತೆ. ಕಷ್ಟವಾಯಿತು. ಕಷ್ಟವಾಗಲಿಲ್ಲ ಎಂದು ಇಲ್ಲಿಯೂ ಸುಳ್ಳು ಬರೆಯುವುದಿಲ್ಲ. ಮನೆಗೆ ಬಂದರೆ ಟೀ ಮಾಡಿಕೊಳ್ಳುವುದಕ್ಕೆ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಗೊತ್ತಾಗಲಿಲ್ಲ, ಎಲ್ಲ ಅವಳೇ ಇಡುತ್ತಿದ್ದದ್ದು.

ಸಂಜೆ ಫೋನ್ ಬಂತು. ತಲುಪಿದ್ದಾರೆ. ಅವಳು ಇನ್ನೂ ಹಲೋ ಎನ್ನುತ್ತಿದ್ದಳು, ಹಿಂದಿನಿಂದ ವಯಸ್ಸಾದ ಹೆಂಗಸಿನ ದನಿ, ಅವನ ಅಮ್ಮನದ್ದೇ ಇರಬೇಕು, ಯಾರಮ್ಮಾ ಫೋನಿನಲ್ಲಿ ಎಂದು ಕೇಳಿದ್ದು ನನಗೂ ಕೇಳಿಸಿತು.

"ನಮ್ಮತ್ತೆ" ಎಂದಳು ಇವಳು, ಫೋನಿಗೆ ಕೈ ಅಡ್ಡ ಹಿಡಿಯದೆ, ನೇರವಾಗಿ, ಆಕೆಗೆ.